ಗೆದ್ದವರೇ ದಂಡ ತೆತ್ತ ಕ್ರಾಂತಿ: ಹೈಟಿಯ ಪ್ರಕರಣ

ಯುದ್ಧದಲ್ಲಿ ಸೋತವರು ಗೆದ್ದವರಿಗೆ ದಂಡ ಕಟ್ಟುವುದು ಲೋಕರೂಢಿ. ಹೈಟಿಯಲ್ಲಿ ಗೆದ್ದವರು ಕಟ್ಟಿದರು. 1803ರಲ್ಲಿ ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ, 1804ರ ಜನವರಿ 1ರಂದು ತಮ್ಮದೇ ದೇಶ ಕಟ್ಟಿಕೊಂಡ ಮಾಜಿ ಗುಲಾಮರ ತಲೆಗೆ 1825ರಲ್ಲಿ 15 ಕೋಟಿ ಫ್ರಾಂಕ್‌ಗಳ ಹೊರೆ ಬಿತ್ತು. ಆ ಹಣ ಸಲ್ಲಬೇಕಾಗಿದ್ದುದು ಅವರ ಹಳೆಯ ಮಾಲೀಕರಿಗೆ. ಮಾಲೀಕರು ಕಳೆದುಕೊಂಡ ಆಸ್ತಿಯ ಲೆಕ್ಕದಲ್ಲಿ ತೋಟ, ಗಾಣ, ಕಟ್ಟಡಗಳ ಜೊತೆಗೆ ಗುಲಾಮರೂ ಸೇರಿದ್ದರು. ತಮ್ಮ ಮೈಯ ಬೆಲೆಯನ್ನು ತಾವೇ, ತಮ್ಮ ಮಕ್ಕಳು ಮೊಮ್ಮಕ್ಕಳೂ ಸೇರಿ ತೀರಿಸಬೇಕಾಯಿತು.

ಕ್ರಾಂತಿ ಎಂದಕೂಡಲೇ ಫ್ರಾನ್ಸ್, ಅಮೆರಿಕ, ರಷ್ಯಾ ನೆನಪಾಗುತ್ತವೆ. ಅವುಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಕ್ರಾಂತಿಯ ಕಾರಣವೂ ಅದರ ಬಹುಕಾಲದ ಪರಿಣಾಮವೂ ಒಂದಕ್ಕೊಂದು ಹೇಗೆ ಹೆಣೆದುಕೊಳ್ಳುತ್ತವೆ ಎಂಬುದು ಹೈಟಿಯಲ್ಲಿ ಕಾಣಿಸುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಿಸುವುದಿಲ್ಲ ಅನ್ನುವುದು ನನ್ನ ನಂಬಿಕೆ. ಇಂದಿನ ಹೈಟಿಯ ಬಡತನವನ್ನು ತೋರಿಸಿ ‘ಕ್ರಾಂತಿ ಮಾಡಿದರೆ ಹೀಗೇ ಆಗುತ್ತದೆ’ ಎನ್ನುವವರಿದ್ದಾರೆ. ‘ಎಲ್ಲವೂ ಫ್ರಾನ್ಸಿನ ಸಾಲದಿಂದಲೇ’ ಎನ್ನುವವರೂ ಇದ್ದಾರೆ. ಮೊದಲನೆಯ ಮಾತು ತಪ್ಪು, ಎರಡನೆಯದು ಅರ್ಧ. ನೆಲ ಯಾರದು, ದುಡಿಮೆ ಯಾರದು ಎಂಬ ಪ್ರಶ್ನೆ ಕ್ರಾಂತಿಯ ಒಳಗೇ ಬಗೆಹರಿಯದೆ ಉಳಿದಿತ್ತು. ಹೊರಗಿನಿಂದ ಬಂದ ಸಾಲ ಆ ಬಿರುಕಿನೊಳಗೆ ಬೆಣೆಯಂತೆ ಕೂತಿತು. ಎರಡನ್ನೂ ಕೂಡಿಸಿ ನೋಡುವುದೇ ಈ ಬರಹದ ಉದ್ದೇಶ.

ಸಕ್ಕರೆಯ ನಾಡು

ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮ ಭಾಗ 1697ರ ಒಪ್ಪಂದದಲ್ಲಿ ಸ್ಪೇನಿನಿಂದ ಫ್ರಾನ್ಸಿನ ಕೈಗೆ ಬಂತು. ಫ್ರೆಂಚರು ಅದನ್ನು ಸೇಂಟ್ ಡೊಮಿಂಗ್ ಎಂದು ಕರೆದರು. ಮುಂದೆ ಹೈಟಿಯಾದದ್ದು ಇದೇ. 1780ರ ದಶಕದ ಹೊತ್ತಿಗೆ ಯುರೋಪು ಬಳಸುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇ. 40, ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ವಸಾಹತಿನಿಂದ ಬರುತ್ತಿತ್ತು ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಭೂಮಿಯ ಮೇಲೆ ಅಷ್ಟು ಲಾಭ ತಂದ ವಸಾಹತು ಆಗ ಬೇರೊಂದಿರಲಿಲ್ಲ.

ಆ ಲಾಭದ ಬುಡದಲ್ಲಿದ್ದವರು ಸುಮಾರು ಐದು ಲಕ್ಷ ಗುಲಾಮರು. ಬಿಳಿಯರು 30ರಿಂದ 40 ಸಾವಿರ. ಕಪ್ಪು ಮತ್ತು ಮಿಶ್ರ ಮೂಲದ ಸ್ವತಂತ್ರ ಜನ ಹೆಚ್ಚೂಕಡಿಮೆ ಅಷ್ಟೇ. ಗುಲಾಮರಲ್ಲಿ ಮೂರರಲ್ಲಿ ಎರಡು ಪಾಲು ಆಫ್ರಿಕಾದಲ್ಲೇ ಹುಟ್ಟಿದವರು. ಈ ಸಂಗತಿಯನ್ನು ಸುಮ್ಮನೆ ಓದಿ ಮುಂದೆ ಹೋಗಬಾರದು. ನೂರು ವರ್ಷಗಳಿಂದ ಹಡಗುಗಳು ಜನರನ್ನು ತಂದು ಇಳಿಸುತ್ತಿದ್ದರೂ ಬಹುಪಾಲು ಜನ ಹೊಸಬರೇ ಆಗಿದ್ದರು, ಏಕೆಂದರೆ ಮೊದಲು ಬಂದವರು ಬದುಕಿರಲಿಲ್ಲ. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಗುಲಾಮರನ್ನು ಬದುಕಿಸಿಕೊಳ್ಳುವುದಕ್ಕಿಂತ ಹೊಸಬರನ್ನು ಕೊಳ್ಳುವುದು ಅಗ್ಗ ಎಂದು ಮಾಲೀಕರು ಲೆಕ್ಕ ಹಾಕಿದ್ದರು.

ಕಬ್ಬಿನ ಸ್ವಭಾವವೇ ಈ ಕ್ರೌರ್ಯಕ್ಕೆ ಹದವಾಗಿತ್ತು. ಕಡಿದ ಕಬ್ಬನ್ನು ಕೂಡಲೇ ಅರೆಯದಿದ್ದರೆ ರಸ ಕೆಡುತ್ತದೆ. ಹಾಗಾಗಿ ಹಂಗಾಮಿನಲ್ಲಿ ಗಾಣ, ಒಲೆ, ಕೊಪ್ಪರಿಗೆಗಳು ಹಗಲಿರುಳು ನಡೆಯಬೇಕು. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುವವರ ಕೈ ಗಾಣಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಓಡಿಹೋದವರಿಗೆ ಏನು ಶಿಕ್ಷೆ ಎಂದು 14ನೇ ಲೂಯಿ 1685ರಲ್ಲಿ ಹೊರಡಿಸಿದ ಗುಲಾಮರ ಸಂಹಿತೆಯೇ ಬರೆದಿಟ್ಟಿತ್ತು: ಮೊದಲ ಸಲ ಕಿವಿ ಕತ್ತರಿಸಿ ಬರೆ ಹಾಕುವುದು, ಮೂರನೆಯ ಸಲ ಮರಣ.

ಈ ತೋಟಗಳ ಅಂಚಿನಲ್ಲಿ ಇನ್ನೊಂದು ಚಿಕ್ಕ ವ್ಯವಸ್ಥೆಯೂ ಇತ್ತು. ಗುಲಾಮರಿಗೆ ಅನ್ನ ಹಾಕುವ ಖರ್ಚು ಉಳಿಸಲು ಮಾಲೀಕರು ಅವರಿಗೆ ಚೂರು ನೆಲ ಬಿಟ್ಟುಕೊಡುತ್ತಿದ್ದರು. ಭಾನುವಾರ ಅಲ್ಲಿ ಗೆಡ್ಡೆಗೆಣಸು, ಬಾಳೆ ಬೆಳೆದು, ಮಿಕ್ಕಿದ್ದನ್ನು ಸಂತೆಯಲ್ಲಿ ಮಾರಬಹುದಾಗಿತ್ತು. ಇಡೀ ವಾರದಲ್ಲಿ ಯಾರ ಚಾವಟಿಯೂ ಇಲ್ಲದೆ ತಮಗಾಗಿ ದುಡಿದ ಗಂಟೆಗಳೆಂದರೆ ಅಲ್ಲಿ ಕಳೆದವು ಮಾತ್ರ. ಸ್ವಾತಂತ್ರ್ಯ ಎಂದರೆ ಏನೆಂದು ಮುಂದೆ ಈ ಜನ ಹೇಳಿದಾಗಲೆಲ್ಲ ಆ ಚೂರು ನೆಲದ ಚಿತ್ರವೇ ಮುಂದೆ ಬಂತು.

ಮೇಲಿನವರ ಜಗಳ

ಇಷ್ಟು ಹಿಂಸೆ ಇದ್ದ ಮಾತ್ರಕ್ಕೆ ಕ್ರಾಂತಿ ಆಗುವುದಿಲ್ಲ. ಅದೇ ಹಿಂಸೆ ಜಮೈಕಾದಲ್ಲಿಯೂ ಬ್ರೆಜಿಲ್‌ನಲ್ಲಿಯೂ ಇತ್ತು. ಸೇಂಟ್ ಡೊಮಿಂಗ್‌ನಲ್ಲಿ ಬೇರೆಯಾಗಿ ನಡೆದದ್ದು, ಆಳುವವರು ತಮ್ಮತಮ್ಮಲ್ಲೇ ಕಿತ್ತಾಡಿಕೊಂಡದ್ದು. ಫ್ರಾನ್ಸಿನ ಜೊತೆಗೆ ಮಾತ್ರ ವ್ಯಾಪಾರ ಮಾಡಬೇಕೆಂಬ ನಿಯಮದಿಂದ ತೋಟದ ದೊಡ್ಡ ಮಾಲೀಕರಿಗೆ ರೋಸಿಹೋಗಿತ್ತು. ಬಡ ಬಿಳಿಯರಿಗೆ ಆ ಮಾಲೀಕರ ಮೇಲೂ, ತಮಗಿಂತ ಸಿರಿವಂತರಾಗಿದ್ದ ಮಿಶ್ರ ಮೂಲದವರ ಮೇಲೂ ಹೊಟ್ಟೆಕಿಚ್ಚು. ಮಿಶ್ರ ಮೂಲದ ಸ್ವತಂತ್ರರಲ್ಲಿ ಅನೇಕರು ತಾವೇ ತೋಟ ಮತ್ತು ಗುಲಾಮರನ್ನು ಇಟ್ಟುಕೊಂಡವರು. ಆದರೂ ಹಲವು ವೃತ್ತಿಗಳು ಅವರಿಗೆ ಮುಚ್ಚಿದ್ದವು, ಸಮಾನ ಹಕ್ಕು ಇರಲಿಲ್ಲ.

1789ರಲ್ಲಿ ಪ್ಯಾರಿಸ್‌ನಲ್ಲಿ ಕ್ರಾಂತಿ ಶುರುವಾದಾಗ ತೋಟದ ಮಾಲೀಕರು ರಾಷ್ಟ್ರೀಯ ಸಭೆಯಲ್ಲಿ ಹೆಚ್ಚು ಸ್ಥಾನ ಕೇಳಿದರು. ತಮ್ಮ ವಸಾಹತಿನ ಜನಸಂಖ್ಯೆಯನ್ನು ತೋರಿಸುವಾಗ ಗುಲಾಮರನ್ನೂ ಎಣಿಸಿದರು. ಫ್ರಾನ್ಸಿನ ಸ್ಥಾನಗಳನ್ನು ಲೆಕ್ಕ ಹಾಕುವಾಗ ನಾವು ನಮ್ಮ ಕುದುರೆ, ಹೇಸರಗತ್ತೆಗಳನ್ನು ಎಣಿಸಲಿಲ್ಲವಲ್ಲ ಎಂದು ಸಭೆಯ ಹೆಸರಾಂತ ವಾಗ್ಮಿ ಮಿರಾಬೊ ಆ ಮಾಲೀಕರ ಬಾಯಿ ಮುಚ್ಚಿಸಿದ. ಕೊನೆಗೆ ಆರು ಸ್ಥಾನ ಸಿಕ್ಕವು. ಐದು ಲಕ್ಷ ಜನ ಮನುಷ್ಯರೋ ಅಲ್ಲವೋ ಎಂಬ ಪ್ರಶ್ನೆ ಮಾತ್ರ ಸಭೆಯಲ್ಲಿ ಹಾಗೇ ಉಳಿಯಿತು.

ಮಿಶ್ರ ಮೂಲದ ವರ್ತಕ ವಿನ್ಸೆಂಟ್ ಒಜೆ ತನ್ನವರಿಗೆ ಹಕ್ಕು ಕೇಳಿ 1790ರ ಅಕ್ಟೋಬರ್‌ನಲ್ಲಿ ಆಯುಧ ಹಿಡಿದ. 1791ರ ಫೆಬ್ರವರಿಯಲ್ಲಿ ಅವನ ಎಲುಬು ಮುರಿದು ಚಕ್ರಕ್ಕೆ ಕಟ್ಟಿ ಕೊಂದರು. ಈ ಸುದ್ದಿಗೆ ಪ್ಯಾರಿಸ್ ಬೆಚ್ಚಿತು. ಸ್ವತಂತ್ರ ತಂದೆತಾಯಿಗೆ ಹುಟ್ಟಿದ ಮಿಶ್ರ ಮೂಲದವರಿಗೆ ಹಕ್ಕು ಕೊಡುವ ಆದೇಶ ಮೇ 15ರಂದು ಹೊರಟಿತು. ವಸಾಹತಿನ ಬಿಳಿಯರು ಅದನ್ನು ಜಾರಿ ಮಾಡುವುದಿಲ್ಲ ಎಂದು ತಿರುಗಿಬಿದ್ದರು. ಊಟದ ಮೇಜಿನ ಸುತ್ತ ಮಾಲೀಕರು ಇದನ್ನೆಲ್ಲ ಏರುದನಿಯಲ್ಲಿ ಜಗಳವಾಡುವಾಗ ಬಡಿಸುತ್ತಿದ್ದವರು, ಗಾಡಿ ಹೊಡೆಯುತ್ತಿದ್ದವರು ಕೇಳಿಸಿಕೊಳ್ಳುತ್ತಿದ್ದರು.

ಮನುಷ್ಯರ ಹಕ್ಕುಗಳ ಘೋಷಣೆಯನ್ನು ಓದಿ ಗುಲಾಮರು ಎದ್ದುನಿಂತರು ಎಂಬ ಕಥೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1791ರ ಬೇಸಿಗೆಯಲ್ಲಿ ತೋಟದಿಂದ ತೋಟಕ್ಕೆ ಹಬ್ಬಿದ್ದು ಬೇರೆಯೇ ಒಂದು ಸುದ್ದಿ: ಫ್ರಾನ್ಸಿನ ರಾಜ ವಾರಕ್ಕೆ ಮೂರು ದಿನ ಬಿಡುವು ಕೊಟ್ಟಿದ್ದಾನೆ, ಚಾವಟಿಯನ್ನು ನಿಷೇಧಿಸಿದ್ದಾನೆ, ಮಾಲೀಕರು ಆ ಕಾಗದವನ್ನು ಮುಚ್ಚಿಟ್ಟಿದ್ದಾರೆ. ಸುದ್ದಿ ನಿಜವಲ್ಲ. ಆದರೆ ಆ ಜನರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅವರು ಕೇಳುತ್ತಿದ್ದುದು ದಿನಗಳನ್ನು, ತಮ್ಮ ಚೂರು ನೆಲದಲ್ಲಿ ದುಡಿಯುವ ದಿನಗಳನ್ನು.

ಆಗಸ್ಟ್ 14ರಂದು ಉತ್ತರದ ಬಯಲಿನ ತೋಟಗಳಿಂದ ಗುಲಾಮರ ಪ್ರತಿನಿಧಿಗಳು ಗುಟ್ಟಾಗಿ ಸೇರಿದರು. ಹೆಚ್ಚಿನವರು ಗಾಡಿ ಹೊಡೆಯುವವರು, ಆಳುಗಳ ಮೇಲೆ ಮೇಸ್ತ್ರಿಗಳಾಗಿದ್ದವರು. ತೋಟದಿಂದ ತೋಟಕ್ಕೆ ಓಡಾಡಲು ಅನುಮತಿ ಇದ್ದವರು ಅವರೇ. ಬೂಕ್‌ಮನ್ ಎಂಬ ಮುಖಂಡ, ಸೆಸಿಲ್ ಫಾತಿಮನ್ ಎಂಬ ಅರ್ಚಕಿ ನಡೆಸಿದರೆಂದು ಹೇಳುವ ಬ್ವಾ ಕಾಯ್ಮನ್ ಎಂಬ ಜಾಗದ ವೋಡೂ (ಆಫ್ರಿಕಾ ಮೂಲದ ಗುಲಾಮರ ಧರ್ಮ) ಪೂಜೆಯೂ ಅದೇ ದಿನಗಳದ್ದು. ಆಗಸ್ಟ್ 22ರ ರಾತ್ರಿ ಬೆಂಕಿ ಹತ್ತಿತು. ಕೆಲವೇ ವಾರಗಳಲ್ಲಿ ನೂರಾರು ತೋಟಗಳು ಉರಿದವು. ಎದ್ದವರಲ್ಲಿ ಅನೇಕರು ಕಾಂಗೋದ ಅಂತರ್ಯುದ್ಧಗಳಲ್ಲಿ ಸೆರೆ ಸಿಕ್ಕಿ ಮಾರಾಟವಾಗಿದ್ದ ಸೈನಿಕರು. ಬಂದೂಕು ಅವರಿಗೆ ಹೊಸದಾಗಿರಲಿಲ್ಲ. ‘ಅಜ್ಞಾನಿ ಗುಲಾಮರ ದೊಂಬಿ’ ಎಂದು ಬರೆದವರು ಇದನ್ನು ಕಾಣದೆ ಹೋದರು.

ಬೂಕ್‌ಮನ್ ನವೆಂಬರ್‌ನಲ್ಲಿ ಸತ್ತ. ಉಳಿದ ನಾಯಕರು ವರ್ಷದ ಕೊನೆಗೆ ಸಂಧಾನಕ್ಕೆ ಬಂದರು. ಕೆಲವು ನೂರು ಮುಖಂಡರಿಗೆ ಬಿಡುಗಡೆ, ಉಳಿದವರಿಗೆ ಸ್ವಲ್ಪ ಸುಧಾರಣೆ, ಇಷ್ಟು ಕೊಟ್ಟರೆ ಜನರನ್ನು ತೋಟಕ್ಕೆ ವಾಪಸು ಕಳಿಸುವುದಾಗಿ ಹೇಳಿದರು. ವಸಾಹತು ಸಭೆ ಅಹಂಕಾರದಿಂದ ತಳ್ಳಿಹಾಕಿತು. ಅಂದು ಒಪ್ಪಿದ್ದರೆ ಕ್ರಾಂತಿ ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು. ನಾಯಕರು ತಮ್ಮ ಜನರನ್ನು ಮಾರಲು ಸಿದ್ಧರಿದ್ದ ಆ ಗಳಿಗೆಯನ್ನು ಹೈಟಿಯ ಅಭಿಮಾನಿಗಳು ಮರೆಸಲು ನೋಡುತ್ತಾರೆ. ಮರೆಸಬಾರದು. ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಬಿರುಕು ಮೊದಲು ಕಂಡದ್ದೇ ಅಲ್ಲಿ.

ಕಾನೂನಾದ ಬಿಡುಗಡೆ

1793ರಲ್ಲಿ ಫ್ರಾನ್ಸ್ ರಾಜನ ತಲೆ ಕಡಿದು ಬ್ರಿಟನ್, ಸ್ಪೇನ್ ಎರಡರ ಮೇಲೂ ಯುದ್ಧಕ್ಕೆ ಬಿತ್ತು. ಎರಡೂ ದೇಶಗಳು ಈ ಸಕ್ಕರೆಯ ನಾಡನ್ನು ಕಸಿಯಲು ಬಂದವು. ಸ್ಪೇನ್ ದಂಗೆಕೋರರಿಗೆ ಆಯುಧ, ಸಮವಸ್ತ್ರ ಕೊಟ್ಟು ತನ್ನ ಕಡೆ ಸೇರಿಸಿಕೊಂಡಿತು. ಫ್ರಾನ್ಸಿನ ಆಯುಕ್ತ ಸೊಂತೊನಾ ಬಳಿ ಸೈನ್ಯ ಉಳಿದಿರಲಿಲ್ಲ. ಗುಲಾಮರೇ ತನಗೆ ಸೈನ್ಯ ಎಂದು ಕಂಡುಕೊಂಡು ಆಗಸ್ಟ್ 29ರಂದು ಉತ್ತರದಲ್ಲಿ ಗುಲಾಮಗಿರಿ ರದ್ದು ಮಾಡಿದ. ಅವನ ನಿರ್ಧಾರವನ್ನು ಒಪ್ಪಿಸಲು ಪ್ಯಾರಿಸ್‌ಗೆ ಹೋದ ಪ್ರತಿನಿಧಿಗಳಲ್ಲಿ ಒಬ್ಬ, ಸ್ವತಃ ಗುಲಾಮನಾಗಿದ್ದ ಜ್ಯಾನ್ ಬಾಪ್ಟಿಸ್ಟ್ ಬೆಲ್ಲೆ ಎಂಬವನು. 1794ರ ಫೆಬ್ರವರಿ 4ರಂದು ಫ್ರೆಂಚ್ ಸಭೆ ತನ್ನ ಎಲ್ಲ ವಸಾಹತುಗಳಲ್ಲೂ ಗುಲಾಮಗಿರಿಯನ್ನು ತೆಗೆದುಹಾಕಿತು. ಪ್ಯಾರಿಸ್ ಬಿಡುಗಡೆ ಕೊಟ್ಟಿತು ಎಂದು ಬರೆಯುವುದು ರೂಢಿ. ಎರಡು ವರ್ಷ ಹೋರಾಡಿ ಗಳಿಸಿದ್ದಕ್ಕೆ ಪ್ಯಾರಿಸ್ ಮುದ್ರೆ ಒತ್ತಿತು ಎನ್ನುವುದು ಹೆಚ್ಚು ಸರಿ.

ಬಿಡುಗಡೆಯ ಮರುದಿನವೇ ಪ್ರಶ್ನೆ ಎದ್ದಿತು. ಕಬ್ಬು ಕಡಿಯುವವರು ಯಾರು? ಇನ್ನೊಬ್ಬ ಆಯುಕ್ತ ಪೊಲ್ವೆರೆಲ್ ಮಾಡಿದ ಏರ್ಪಾಟಿನಲ್ಲಿ ದುಡಿಯುವವರಿಗೆ ಬೆಳೆಯಲ್ಲಿ ಪಾಲು ಇತ್ತು, ಆದರೆ ತೋಟ ಬಿಟ್ಟುಹೋಗುವಂತಿರಲಿಲ್ಲ. ಭಾನುವಾರದ ಜೊತೆಗೆ ಶನಿವಾರವೂ ಬೇಕಿದ್ದರೆ ಪಾಲು ಕಡಿಮೆ. ಎಷ್ಟೋ ಕಡೆ ಜನ ಹಣ ಬಿಟ್ಟು ದಿನವನ್ನು ಆರಿಸಿಕೊಂಡರು. ಗಂಡಸರಷ್ಟೇ ಗೇಯುತ್ತಿದ್ದ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಪಾಲು ಗೊತ್ತುಮಾಡಿದಾಗ ಅವರು ಸುಮ್ಮನಿರಲಿಲ್ಲ, ಸಮನಾದ ಪಾಲು ಕೇಳಿದರು. ಈ ಚಿಕ್ಕ ಜಗಳಗಳು ನನಗೆ ದೊಡ್ಡ ಯುದ್ಧಗಳಿಗಿಂತ ಮುಖ್ಯವಾಗಿ ಕಾಣುತ್ತವೆ. ಚಾವಟಿ ಹೋಗಿ ಕೂಲಿ ಬಂದರೆ ಸಾಕು ಎಂದು ಸರ್ಕಾರ ತಿಳಿದಿತ್ತು. ಜನ ತೋಟವನ್ನೇ ಬೇಡ ಎನ್ನುತ್ತಿದ್ದರು.

ತೂಸಾಂ ಲುವೆರ್ತೂರ್‌ನ ಇಕ್ಕಟ್ಟು

ಈ ಕಾಲದ ದೊಡ್ಡ ಮನುಷ್ಯ ತೂಸಾಂ. ಬ್ರೆಡಾ ತೋಟದಲ್ಲಿ ಗುಲಾಮನಾಗಿ ಹುಟ್ಟಿದವನು, ಕ್ರಾಂತಿಗೆ ಮೊದಲೇ ಬಿಡುಗಡೆ ಪಡೆದಿದ್ದವನು. ಮೊದಲು ಸ್ಪೇನಿನ ಕಡೆ ಹೋರಾಡಿ, 1794ರಲ್ಲಿ ಫ್ರಾನ್ಸಿನ ಕಡೆಗೆ ಬಂದ. 1798ರ ಹೊತ್ತಿಗೆ ಬ್ರಿಟಿಷರು ಹಳದಿ ಜ್ವರಕ್ಕೂ ಅವನ ಸೈನ್ಯಕ್ಕೂ ಸಾವಿರಾರು ಜನರನ್ನು ಕಳೆದುಕೊಂಡು ಹೊರಟುಹೋದರು. ದಕ್ಷಿಣವನ್ನು ಹಿಡಿದಿದ್ದ ಮಿಶ್ರ ಮೂಲದ ಸೇನಾಪತಿ ರಿಗೋನನ್ನು ಸೋಲಿಸಿದ ಮೇಲೆ ಇಡೀ ನಾಡು ಅವನ ಹಿಡಿತಕ್ಕೆ ಬಂತು. 1801ರಲ್ಲಿ ಅವನು ಬರೆಸಿದ ಸಂವಿಧಾನ, ಈ ನೆಲದಲ್ಲಿ ಗುಲಾಮರು ಇರುವಂತಿಲ್ಲ, ದಾಸ್ಯ ಎಂದೆಂದಿಗೂ ರದ್ದಾಗಿದೆ ಎಂದು ಸಾರಿತು. ಅದೇ ಸಂವಿಧಾನ ಅವನನ್ನು ಆಜೀವ ರಾಜ್ಯಪಾಲನನ್ನಾಗಿಯೂ ಮಾಡಿತು.

ತೂಸಾಂನಿಗೆ ಬಂದೂಕು, ಮದ್ದು ಬೇಕಿತ್ತು. ಅವನ್ನು ಅಮೆರಿಕದ ವರ್ತಕರಿಂದ ಕೊಳ್ಳಬೇಕು. ಕೊಳ್ಳಲು ಹಣ ಬೇಕು. ಸಕ್ಕರೆ, ಕಾಫಿ ಬಿಟ್ಟರೆ ಹಣಕ್ಕೆ ಬೇರೆ ದಾರಿ ಇರಲಿಲ್ಲ. ಆದ್ದರಿಂದ 1800ರ ಅಕ್ಟೋಬರ್‌ನ ಆದೇಶದಲ್ಲಿ ತೋಟದ ಆಳುಗಳನ್ನು ಸೈನಿಕರ ಹಾಗೆ ಶಿಸ್ತಿಗೆ ಒಳಪಡಿಸಿದ. ತೋಟ ಬಿಟ್ಟವನು ಸೈನ್ಯ ಬಿಟ್ಟು ಓಡಿದವನಿಗೆ ಸಮ. 1801ರ ಫೆಬ್ರವರಿಯಲ್ಲಿ 50 ಕ್ಯಾರೊಗಿಂತ, ಅಂದರೆ ಸುಮಾರು 160 ಎಕರೆಗಿಂತ ಚಿಕ್ಕ ಜಮೀನು ಮಾರುವುದನ್ನು ನಿಷೇಧಿಸಿದ. ನಾಲ್ಕಾರು ಮನೆಯವರು ದುಡ್ಡು ಕೂಡಿಸಿ ತುಂಡು ನೆಲ ಕೊಳ್ಳುವ ಆಸೆಗೆ ಅಲ್ಲಿಗೆ ಬಾಗಿಲು ಮುಚ್ಚಿತು. ಓಡಿಹೋಗಿದ್ದ ಬಿಳಿ ಮಾಲೀಕರನ್ನು ತೋಟ ನಡೆಸಲು ವಾಪಸು ಕರೆದ. ಅವನ ಸೇನಾಪತಿಗಳು ತಾವೇ ದೊಡ್ಡ ತೋಟಗಳ ಗುತ್ತಿಗೆದಾರರಾದರು.

ಉತ್ತರದಲ್ಲಿ ಈ ನಿಯಮ ಜಾರಿ ಮಾಡಬೇಕಾಗಿದ್ದವನು ತೂಸಾಂ ಸಾಕುಮಗನಂತೆ ಕಾಣುತ್ತಿದ್ದ ಸೇನಾಪತಿ ಮೊಯೀಸ್. ತನ್ನ ಜನರ ಮೇಲೆ ಈ ಬಿಗಿ ಹಿಡಿತ ಹೇರಲು ಅವನಿಗೆ ಮನಸ್ಸಿರಲಿಲ್ಲ. 1801ರ ಅಕ್ಟೋಬರ್‌ನಲ್ಲಿ ಉತ್ತರದ ತೋಟಗಳ ಜನ ದಂಗೆಯೆದ್ದು ಬಿಳಿಯರನ್ನು ಕೊಂದರು. ತೂಸಾಂ ದಂಗೆಯನ್ನು ರಕ್ತದಲ್ಲಿ ಅದ್ದಿದ, ಮೊಯೀಸ್‌ನನ್ನು ಗುಂಡಿಕ್ಕಿ ಕೊಲ್ಲಿಸಿದ.

ಇಲ್ಲಿ ತೂಸಾಂ ತಪ್ಪಿದ ಎಂದು ಹೇಳುವುದು ಸುಲಭ. ಅವನ ಭಯ ಮಾತ್ರ ಸುಳ್ಳಾಗಿರಲಿಲ್ಲ. ಮೊಯೀಸ್ ಸತ್ತು ಮೂರು ತಿಂಗಳು ತುಂಬುವ ಹೊತ್ತಿಗೆ ನೆಪೋಲಿಯನ್ ಕಳಿಸಿದ ಹಡಗುಗಳು ಸುಮಾರು 20 ಸಾವಿರ ಸೈನಿಕರನ್ನು ಹೊತ್ತು ದಡದಲ್ಲಿ ನಿಂತಿದ್ದವು. ರಫ್ತು ಇಲ್ಲದಿದ್ದರೆ ಆಯುಧವಿಲ್ಲ, ಆಯುಧವಿಲ್ಲದಿದ್ದರೆ ಬಿಡುಗಡೆಯೇ ಇಲ್ಲ. ಆದರೆ ಆಯುಧಕ್ಕಾಗಿ ಜನರನ್ನು ಮತ್ತೆ ತೋಟಕ್ಕೆ ಕಟ್ಟಿದ್ದರಿಂದ, ಫ್ರೆಂಚರು ಬಂದಾಗ ಅವನ ಬೆನ್ನಿಗೆ ನಿಲ್ಲಬೇಕಿದ್ದವರಲ್ಲಿ ಬಹಳ ಮಂದಿ ತಡೆದು ನಿಂತರು. ಈ ಇಕ್ಕಟ್ಟಿಗೆ ಅವನ ಕಾಲದಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಕೊನೆಯ ಯುದ್ಧ

ಆ ಸೈನ್ಯದ ಮುಖ್ಯಸ್ಥ, ನೆಪೋಲಿಯನ್ನನ ತಂಗಿಯ ಗಂಡ ಲಕ್ಲೇರ್ 1802ರ ಫೆಬ್ರವರಿಯಲ್ಲಿ ಇಳಿದ. ತೂಸಾಂನ ಸೇನಾಪತಿ ಕ್ರಿಸ್ತೋಫ್ ತನ್ನ ಕಾವಲಿನಲ್ಲಿದ್ದ ಕ್ಯಾಪ್ ಫ್ರಾನ್ಸೆ ನಗರಕ್ಕೆ ತಾನೇ ಬೆಂಕಿ ಇಟ್ಟು ಹಿಂದೆ ಸರಿದ. ಮೇ ತಿಂಗಳಲ್ಲಿ ತೂಸಾಂ ಶರಣಾದ, ಜೂನ್‌ನಲ್ಲಿ ಮೋಸದಿಂದ ಸೆರೆಯಾದ. 1803ರ ಏಪ್ರಿಲ್ 7ರಂದು ಫ್ರಾನ್ಸಿನ ಜೂರಾ ಬೆಟ್ಟಗಳ ಕೋಟೆಯೊಂದರಲ್ಲಿ ಚಳಿಗೆ ಸತ್ತ. ಅವನು ಸೆರೆಯಾದಾಗ ಅವನ ಸೇನಾಪತಿಗಳಾದ ದೆಸಾಲೀನ್, ಕ್ರಿಸ್ತೋಫ್ ಇಬ್ಬರೂ ಫ್ರೆಂಚರ ಸೇವೆಯಲ್ಲಿದ್ದರು.

ಯುದ್ಧವನ್ನು 1802ರ ಆ ತಿಂಗಳುಗಳಲ್ಲಿ ಜೀವಂತ ಇಟ್ಟವರು ಬೆಟ್ಟಗಳಲ್ಲಿದ್ದ ಸಣ್ಣ ತಂಡಗಳು. ಅವುಗಳಲ್ಲಿ ಹೆಚ್ಚಿನವರು ಕಾಂಗೋದಲ್ಲಿ ಹುಟ್ಟಿದವರು. ಅವರ ನಾಯಕರಲ್ಲಿ ಒಬ್ಬ ಸಾನ್ ಸೂಸಿ. ಫ್ರಾನ್ಸಿನದೇ ಇನ್ನೊಂದು ವಸಾಹತಾದ ಗ್ವಾಡಲೂಪ್ ದ್ವೀಪದಲ್ಲಿ ಗುಲಾಮಗಿರಿ ಮರಳಿ ಬಂತು ಎಂಬ ಸುದ್ದಿ ತಲುಪಿದ ಮೇಲೆ ಬೆಟ್ಟದ ಬೆಂಕಿ ಬಯಲಿಗಿಳಿಯಿತು. ಲಕ್ಲೇರ್ ಅಕ್ಟೋಬರ್‌ನಲ್ಲಿ ನೆಪೋಲಿಯನ್ನನಿಗೆ ಬರೆದ ಪತ್ರದಲ್ಲಿ, ಬೆಟ್ಟದ ಕಪ್ಪು ಜನರಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ಗಂಡು ಹೆಣ್ಣೆನ್ನದೆ ಎಲ್ಲರನ್ನೂ ಕೊಲ್ಲಬೇಕು ಎಂದ. ಸೇನಾಪತಿಗಳು ಫ್ರೆಂಚರನ್ನು ಬಿಟ್ಟು ಬಂದದ್ದು ಆ ತಿಂಗಳಲ್ಲಿ. ಬಂದ ಮೇಲೆ ಕ್ರಿಸ್ತೋಫ್‌ನ ಕಡೆಯವರು ಸಾನ್ ಸೂಸಿಯನ್ನು ಮಾತುಕತೆಗೆಂದು ಕರೆಸಿ ಕೊಂದರು. ನವೆಂಬರ್ 2ರಂದು ಲಕ್ಲೇರ್ ಹಳದಿ ಜ್ವರದಿಂದ ಸತ್ತ. 1803ರ ನವೆಂಬರ್ 18ರಂದು ವೆರ್ತಿಯೇರ್‌ನಲ್ಲಿ ಫ್ರೆಂಚ್ ಸೈನ್ಯ ಕೊನೆಯ ಬಾರಿ ಸೋತಿತು.

1804ರ ಮೊದಲ ತಿಂಗಳುಗಳಲ್ಲಿ, ಹೊಸ ದೇಶವನ್ನು ಆಳತೊಡಗಿದ ದೆಸಾಲೀನ್ ಆಜ್ಞೆಯಂತೆ ಉಳಿದ ಫ್ರೆಂಚರಲ್ಲಿ ಸಾವಿರಾರು ಜನರನ್ನು ಕೊಲ್ಲಲಾಯಿತು. ಹೆಂಗಸರು ಮಕ್ಕಳೂ ಅದರಲ್ಲಿದ್ದರು. ಹಿಂದಿನ ನೂರು ವರ್ಷದ ಲೆಕ್ಕ ಎಷ್ಟೇ ಇರಲಿ, ಇದನ್ನು ಸಮರ್ಥಿಸಲಾಗದು. ಹೊಸ ದೇಶವನ್ನು ದೂರ ಇಡಲು ಹೊರಗಿನವರಿಗೆ ಇದು ಒಳ್ಳೆಯ ನೆಪವೂ ಆಯಿತು. ಆದರೆ ಕೊಲೆಗಳು ನಡೆಯದಿದ್ದರೂ ಅವರು ದೂರವೇ ಇಡುತ್ತಿದ್ದರು. ಗುಲಾಮರೇ ಕಟ್ಟಿದ ದೇಶವನ್ನು ಗುಲಾಮರನ್ನು ಇಟ್ಟುಕೊಂಡ ಯಾವ ದೇಶವೂ ಒಪ್ಪುವಂತಿರಲಿಲ್ಲ. ಅಮೆರಿಕ 1806ರಲ್ಲಿ ವ್ಯಾಪಾರ ನಿಷೇಧಿಸಿತು. ಹೈಟಿಗೆ ಅದು ಮಾನ್ಯತೆ ಕೊಟ್ಟದ್ದು 1862ರಲ್ಲಿ, ತನ್ನದೇ ಅಂತರ್ಯುದ್ಧದ ನಡುವೆ.

ಎರಡು ಹೈಟಿಗಳು

ದೆಸಾಲೀನ್ 1806ರಲ್ಲಿ ತನ್ನವರಿಂದಲೇ ಹತನಾದ. ಉತ್ತರದಲ್ಲಿ ಕ್ರಿಸ್ತೋಫ್ ತೋಟಗಳನ್ನು ಬಲವಂತದ ದುಡಿಮೆಯಿಂದ ನಡೆಸಿ, ಬೆಟ್ಟದ ತುದಿಯಲ್ಲಿ ಇಂದಿಗೂ ನಿಂತಿರುವ ಕೋಟೆ ಕಟ್ಟಿಸಿ, ಸಿರಿವಂತ ಆದರೆ ಜನ ದ್ವೇಷಿಸುವ ರಾಜ್ಯ ಆಳಿದ. ದಕ್ಷಿಣದಲ್ಲಿ ಪೆತಿಯೋ 1809ರಿಂದ ಸೈನಿಕರಿಗೆ ಜಮೀನು ಹಂಚಿದ. ಹಣ ಕಡಿಮೆ, ನೆಮ್ಮದಿ ಹೆಚ್ಚು. 1820ರಲ್ಲಿ ಕ್ರಿಸ್ತೋಫ್ ತಾನೇ ಗುಂಡಿಕ್ಕಿಕೊಂಡ ಮೇಲೆ ಪೆತಿಯೋನ ಉತ್ತರಾಧಿಕಾರಿ ಬುವಾಯೆ ನಾಡನ್ನು ಒಂದುಮಾಡಿದ.

ಅಷ್ಟರಲ್ಲಿ ಜನ ತಮ್ಮ ದಾರಿ ಹಿಡಿದಾಗಿತ್ತು. ತೋಟ ಬಿಟ್ಟು ಬೆಟ್ಟದ ಇಳಿಜಾರಿನಲ್ಲಿ ನೆಲೆಸಿದರು. ಒಂದೇ ಅಂಗಳದ ಸುತ್ತ ಹಲವು ಮನೆ, ಹಂಚಿಕೊಳ್ಳದೆ ಉಳಿಸಿಕೊಂಡ ಕುಟುಂಬದ ನೆಲ, ಪೂರ್ವಜರ ಗೋರಿ, ವೋಡೂ ಗುಡಿ. ಇದನ್ನು ಲಕು ಎನ್ನುತ್ತಾರೆ. ಸಕ್ಕರೆ ರಫ್ತು 1820ರ ದಶಕದ ಹೊತ್ತಿಗೆ ಹೆಚ್ಚೂಕಡಿಮೆ ನಿಂತುಹೋಯಿತು, ಕಾಫಿ ಉಳಿಯಿತು. ಕಾರಣ ಸರಳ. ಸಕ್ಕರೆಗೆ ಗಾಣ, ಬಂಡವಾಳ, ನೂರಾರು ಆಳು ಬೇಕು. ಕಾಫಿಯನ್ನು ಒಂದು ಕುಟುಂಬ ಇಳಿಜಾರಿನಲ್ಲಿ ಬಾಳೆಯ ನೆರಳಲ್ಲಿ ಬೆಳೆದು, ಕೊಯ್ದು, ಅಂಗಳದಲ್ಲಿ ಒಣಗಿಸಿ ಮಾರಬಹುದು. ಇದನ್ನು ಆರ್ಥಿಕ ಕುಸಿತ ಎಂದು ಬರೆಯುವವರು ಬಂದರಿನ ಲೆಕ್ಕಪುಸ್ತಕ ಮಾತ್ರ ನೋಡುತ್ತಾರೆ. ಹುಟ್ಟಿದ ಮಕ್ಕಳು ಬದುಕಿದರು, ಜನಸಂಖ್ಯೆ ಬೆಳೆಯಿತು. ಹಡಗಿನಲ್ಲಿ ಜನರನ್ನು ತಂದು ತುಂಬದಿದ್ದರೆ ನಡೆಯದಿದ್ದ ನಾಡು ತನ್ನ ಜನರನ್ನು ತಾನೇ ಸಾಕಿತು. ನನ್ನ ದೃಷ್ಟಿಯಲ್ಲಿ ಈ ಕ್ರಾಂತಿಯ ಅತಿ ದೊಡ್ಡ ಗೆಲುವು ಇದು.

ಸರ್ಕಾರ ಮಾತ್ರ ಬಂದರು ಪಟ್ಟಣಗಳಲ್ಲಿ ಫ್ರೆಂಚ್ ಮಾತಾಡುತ್ತ, ಸುಂಕದ ಮೇಲೆ ಬದುಕುತ್ತಿತ್ತು. ಬೆಟ್ಟದ ಜನ ತಮ್ಮ ಆಡುನುಡಿ ಕ್ರಿಯೋಲ್ ಮಾತಾಡುತ್ತ ಅದರಿಂದ ದೂರ ಇದ್ದರು. ಸಂವಿಧಾನ ಕಾಗದ, ಬಂದೂಕಿನ ಈಟಿ ಕಬ್ಬಿಣ ಎಂಬ ಗಾದೆ ಅವರದು.

1825ರ ಆದೇಶ

1825ರ ಜುಲೈ ಮೊದಲ ವಾರ ಫ್ರೆಂಚ್ ನೌಕಾಧಿಕಾರಿ ಮಕೊ ರಾಜಧಾನಿ ಪೋರ್ಟ್ ಒ ಪ್ರಿನ್ಸ್‌ಗೆ ಬಂದ. ಅವನ ಕೈಯಲ್ಲಿದ್ದುದು 10ನೇ ಚಾರ್ಲ್ಸ್ ದೊರೆ ಏಪ್ರಿಲ್ 17ರಂದು ಸಹಿ ಹಾಕಿದ ಆದೇಶ. 15 ಕೋಟಿ ಫ್ರಾಂಕ್‌ಗಳನ್ನು ಐದು ಸಮ ಕಂತಿನಲ್ಲಿ ಕೊಟ್ಟರೆ ಸ್ವಾತಂತ್ರ್ಯಕ್ಕೆ ಮಾನ್ಯತೆ. ಫ್ರೆಂಚ್ ಸರಕಿಗೆ ಅರ್ಧ ಸುಂಕ ಮಾತ್ರ. ಬೆನ್ನ ಹಿಂದೆ 14 ಯುದ್ಧನೌಕೆಗಳು, ಸುಮಾರು 500 ತೋಪುಗಳು. ಬುವಾಯೆ ಜುಲೈ 11ರಂದು ಒಪ್ಪಿದ. ಹೋಲಿಕೆಗೆ ಹೇಳುವುದಾದರೆ, 1803ರಲ್ಲಿ ಫ್ರಾನ್ಸ್ ವಿಶಾಲವಾದ ಲೂಯಿಸಿಯಾನವನ್ನು ಅಮೆರಿಕಕ್ಕೆ ಮಾರಿದ್ದು 8 ಕೋಟಿ ಫ್ರಾಂಕ್‌ಗೆ, ಅದೂ ಅಮೆರಿಕನ್ನರಿಗೆ ತಾನು ಕೊಡಬೇಕಿದ್ದ ಬಾಕಿಗಳನ್ನು ಸೇರಿಸಿ.

ಬುವಾಯೆ ಯಾಕೆ ಒಪ್ಪಿದ? ತೋಪಿನ ಭಯ ನಿಜ. ಅದರ ಜೊತೆಗೆ ಮಾನ್ಯತೆ ಸಿಕ್ಕರೆ ವ್ಯಾಪಾರ ತೆರೆದುಕೊಳ್ಳುತ್ತದೆ, ತನ್ನ ವರ್ಗದವರ ಜಮೀನಿನ ಹಕ್ಕು ಗಟ್ಟಿಯಾಗುತ್ತದೆ ಎಂಬ ಲೆಕ್ಕವೂ ಇದ್ದಿರಬೇಕು. ಮೊದಲ ಕಂತು 3 ಕೋಟಿ. ಅದು ಸರ್ಕಾರದ ವರ್ಷದ ಆದಾಯದ ಹಲವು ಪಟ್ಟು. ಹೈಟಿ ಪ್ಯಾರಿಸ್‌ನ ಬ್ಯಾಂಕರ್‌ಗಳಿಂದಲೇ 3 ಕೋಟಿ ಸಾಲ ತಂದಿತು. ಬ್ಯಾಂಕರ್‌ಗಳು 60 ಲಕ್ಷ ಮೊದಲೇ ಮುರಿದುಕೊಂಡು 2 ಕೋಟಿ 40 ಲಕ್ಷ ಕೊಟ್ಟರು. ಬಡ್ಡಿ ಮಾತ್ರ ಪೂರ್ತಿ 3 ಕೋಟಿಗೆ. ಮಾಲೀಕರಿಗೆ ದಂಡ, ಆ ದಂಡ ಕಟ್ಟಲು ತಂದ ಸಾಲಕ್ಕೆ ಬಡ್ಡಿ: ಹೈಟಿಯಲ್ಲಿ ಇದಕ್ಕೆ ಜೋಡಿ ಸಾಲ ಎನ್ನುತ್ತಾರೆ.

ಈ ಹಣ ಎಲ್ಲಿಂದ ಬರಬೇಕು? ಕಾಫಿಯಿಂದ. ಕಾಫಿ ಬೆಳೆಯುವವರು ಬೆಟ್ಟದ ಜನ. ಬುವಾಯೆ 1826ರಲ್ಲಿ ಗ್ರಾಮೀಣ ಸಂಹಿತೆ ಹೊರಡಿಸಿ ರೈತರನ್ನು ಮತ್ತೆ ದೊಡ್ಡ ಜಮೀನುಗಳಿಗೆ ಕಟ್ಟಲು ನೋಡಿದ. ತೂಸಾಂನ ಆದೇಶವೇ ಕಾಲು ಶತಮಾನದ ನಂತರ ಮರಳಿ ಬಂದಂತೆ. ಜನ ಅದನ್ನು ಪಾಲಿಸಲಿಲ್ಲ, ಬೆಟ್ಟದಿಂದ ಇಳಿಯಲಿಲ್ಲ. ಅವರನ್ನು ಹಿಡಿಯಲಾಗದ ಸರ್ಕಾರ ಬಂದರಿನಲ್ಲಿ ಅವರ ಕಾಫಿಯನ್ನು ಹಿಡಿಯಿತು. ರಫ್ತಿನ ತೆರಿಗೆ ಏರುತ್ತಲೇ ಹೋಯಿತು, ವ್ಯಾಪಾರಿ ಅದನ್ನು ರೈತನಿಗೆ ಕೊಡುವ ಬೆಲೆಯಲ್ಲಿ ಕಡಿದುಕೊಂಡ. ಹೀಗೆ ಸಂಗ್ರಹವಾದ ಹಣದಲ್ಲಿ ಬೆಟ್ಟಕ್ಕೆ ರಸ್ತೆ ಹೋಗಲಿಲ್ಲ, ಶಾಲೆ ಹೋಗಲಿಲ್ಲ. 1791ರಲ್ಲಿ ಕಂಡಿದ್ದ ಬಿರುಕಿಗೂ 1825ರ ಸಾಲಕ್ಕೂ ನಂಟು ಇರುವುದು ಇಲ್ಲಿ. ಜನರಿಂದ ದೂರ ಇದ್ದ ಸರ್ಕಾರ ಮಾತ್ರ ಇಂಥ ಸಾಲವನ್ನು ಅವರನ್ನು ಕೇಳದೆ ಒಪ್ಪಬಲ್ಲದು. ಒಪ್ಪಿದ ಮೇಲೆ ಅದು ಇನ್ನಷ್ಟು ದೂರ ಹೋಗದೆ ಬೇರೆ ದಾರಿ ಇರಲಿಲ್ಲ.

ಕಂತು ತಪ್ಪಿತು. 1838ರಲ್ಲಿ ಫ್ರಾನ್ಸ್ ಬಾಕಿಯನ್ನು 6 ಕೋಟಿಗೆ ಇಳಿಸಿತು, ಒಟ್ಟು ದಂಡ 9 ಕೋಟಿಯಾಯಿತು. ಅದನ್ನು ತೀರಿಸಲು 19ನೇ ಶತಮಾನದ ಕೊನೆಯ ದಶಕಗಳವರೆಗೂ ಹಿಡಿಯಿತು. ತೀರಿಸಲು ಮತ್ತೆ ಸಾಲ ಆಗಿತ್ತು. 1880ರಲ್ಲಿ ಸ್ಥಾಪನೆಯಾದ ಹೈಟಿಯ ರಾಷ್ಟ್ರೀಯ ಬ್ಯಾಂಕ್ ಪ್ಯಾರಿಸ್‌ನ ಖಾಸಗಿ ಬ್ಯಾಂಕೊಂದರ ಕೈಯಲ್ಲಿತ್ತು. ಸರ್ಕಾರ ತನ್ನದೇ ತೆರಿಗೆ ಹಣವನ್ನು ಅಲ್ಲಿ ಇಡಲೂ ತೆಗೆಯಲೂ ಕಮಿಷನ್ ಕೊಡಬೇಕಿತ್ತು.

ಸಾಲದ ಹಗ್ಗ ಕ್ರಮೇಣ ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ದಾಟಿತು. 1914ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾಸೈನಿಕರು ಆ ಬ್ಯಾಂಕಿನಿಂದ ಐದು ಲಕ್ಷ ಡಾಲರ್ ಮೌಲ್ಯದ ಚಿನ್ನ ಹೊತ್ತೊಯ್ದರು. 1915ರಿಂದ 1934ರವರೆಗೆ ದೇಶವನ್ನೇ ಆಕ್ರಮಿಸಿ ಕೂತರು. ಹೊರಗಿನವರು ಜಮೀನು ಹೊಂದುವಂತಿಲ್ಲ ಎಂಬುದು ದೆಸಾಲೀನ್ ಕಾಲದಿಂದ ಬಂದ ನಿಯಮ. 1918ರ ಸಂವಿಧಾನದಲ್ಲಿ ಅದನ್ನು ತೆಗೆಸಿದರು. 1864ರ ಗ್ರಾಮೀಣ ಸಂಹಿತೆಯ ಒಂದು ಕಲಮನ್ನು ಎತ್ತಿಕೊಂಡು ರೈತರನ್ನು ಹಗ್ಗ ಕಟ್ಟಿ ರಸ್ತೆ ಕೆಲಸಕ್ಕೆ ಎಳೆದರು. ಬೆಟ್ಟದ ಜನ ಮತ್ತೊಮ್ಮೆ ಎದ್ದರು. ಅವರ ನಾಯಕ ಶಾರ್ಲ್‌ಮೇನ್ ಪೆರಾಲ್ತ್‌ನನ್ನು 1919ರಲ್ಲಿ ಕೊಲ್ಲಲಾಯಿತು. ಹಳೆಯ ಫ್ರೆಂಚ್ ಸಾಲಗಳನ್ನು ತೀರಿಸಲೆಂದು 1922ರಲ್ಲಿ ನ್ಯೂಯಾರ್ಕ್‌ನಿಂದ ತಂದ ಸಾಲ ಮುಗಿದದ್ದು 1947ರಲ್ಲಿ.

ಹೊರಗಿನ ಅಲೆಗಳು

ಹೈಟಿಯಲ್ಲಿ ಸೋತದ್ದರಿಂದಲೇ ನೆಪೋಲಿಯನ್ನನಿಗೆ ಅಮೆರಿಕ ಖಂಡದ ಸಾಮ್ರಾಜ್ಯದ ಆಸೆ ಬತ್ತಿತು, ಲೂಯಿಸಿಯಾನ ಮಾರಾಟವಾಯಿತು. ದಕ್ಷಿಣ ಅಮೆರಿಕದಲ್ಲಿ ಸ್ಪೇನಿನ ವಿರುದ್ಧ ಹೋರಾಡುತ್ತಿದ್ದು ದಿಕ್ಕೆಟ್ಟು ಬಂದ ಸಿಮೋನ್ ಬೊಲಿವಾರ್‌ಗೆ ಪೆತಿಯೋ 1816ರಲ್ಲಿ ಆಯುಧ, ಹಡಗು ಕೊಟ್ಟ. ಬದಲಿಗೆ ಕೇಳಿದ್ದು ಗುಲಾಮರ ಬಿಡುಗಡೆಯ ಮಾತು. ಆದರೆ ಇನ್ನೊಂದು ಪರಿಣಾಮವೂ ಇದೆ. ಸೇಂಟ್ ಡೊಮಿಂಗ್‌ನ ಸಕ್ಕರೆ ಮಾರುಕಟ್ಟೆಯಿಂದ ಮಾಯವಾದಾಗ ಆ ಜಾಗ ತುಂಬಲು ಕ್ಯೂಬಾ, ಬ್ರೆಜಿಲ್‌ಗಳಲ್ಲಿ ಗುಲಾಮರ ಬೇಡಿಕೆ ಏರಿತು. ಲೂಯಿಸಿಯಾನದಲ್ಲೂ ಕಬ್ಬಿನ, ಹತ್ತಿಯ ತೋಟಗಳು ಹಬ್ಬಿದವು. ಒಂದು ಕಡೆ ಬಿಚ್ಚಿದ ಸರಪಳಿ ಬೇರೆ ಕಡೆ ಬಿಗಿಯಾಯಿತು. ಈ ನೋವಿನ ಲೆಕ್ಕವನ್ನು ಕ್ರಾಂತಿ ಮಾಡಿದವರ ತಲೆಗೆ ಕಟ್ಟುವುದು ಅನ್ಯಾಯ. ಸಕ್ಕರೆ ಬೇಕೆಂದು ಹಟ ಹಿಡಿದವರು ಅವರಲ್ಲ.

ಈಗಿನ ಮಾತು

2003ರಲ್ಲಿ ಅಧ್ಯಕ್ಷ ಅರಿಸ್ಟೀಡ್ ಫ್ರಾನ್ಸಿನಿಂದ 2,100 ಕೋಟಿ ಡಾಲರ್‌ಗೂ ಹೆಚ್ಚು ವಾಪಸು ಕೇಳಿದ. ಫ್ರಾನ್ಸ್ ಒಪ್ಪಲಿಲ್ಲ. 2004ರ ಫೆಬ್ರವರಿಯಲ್ಲಿ ಅವನು ಅಧಿಕಾರ ಕಳೆದುಕೊಂಡು ದೇಶ ಬಿಡಬೇಕಾಯಿತು. 2025ರ ಏಪ್ರಿಲ್ 17ರಂದು, ಚಾರ್ಲ್ಸ್ ದೊರೆಯ ಆದೇಶಕ್ಕೆ ಇನ್ನೂರು ವರ್ಷ ತುಂಬಿದ ದಿನ, ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಎರಡೂ ದೇಶಗಳ ಇತಿಹಾಸಕಾರರ ಜಂಟಿ ಆಯೋಗ ರಚಿಸುವುದಾಗಿ ಪ್ರಕಟಿಸಿದರು. ಹೊಸ ದೇಶದ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟಿದ್ದು ಅನ್ಯಾಯ ಎಂದು ಒಪ್ಪಿಕೊಂಡರು. ಹಣದ ಮಾತು ಆಡಲಿಲ್ಲ.

ಆಯೋಗ 1825ರ ಆ ಒಂದು ಕಾಗದದ ಮೇಲೆ ಕಣ್ಣಿಟ್ಟು ನಿಂತರೆ ಸಾಲದು. ಮೊದಲ ಸಾಲದಲ್ಲಿ ಮುರಿದುಕೊಂಡ 60 ಲಕ್ಷ, ನಂತರದ ಸಾಲಗಳು, ರಾಷ್ಟ್ರೀಯ ಬ್ಯಾಂಕಿನ ಕಮಿಷನ್, ಬಂದರುಗಳಲ್ಲಿ ವಸೂಲಾದ ಕಾಫಿ ತೆರಿಗೆ, ಇವೆಲ್ಲ ಒಂದೇ ಲೆಕ್ಕದ ಭಾಗಗಳು. ಆ ಲೆಕ್ಕ ಹಾಕಲು ದಾಖಲೆ ಇಲ್ಲ ಎನ್ನುವಂತೆಯೂ ಇಲ್ಲ. ಪರಿಹಾರ ಪಡೆದ ಮಾಲೀಕರ ಹೆಸರು, ತೋಟ, ಮೊತ್ತಗಳನ್ನು ಫ್ರೆಂಚ್ ಸರ್ಕಾರವೇ 1828ರಿಂದ 1834ರ ನಡುವೆ ಪ್ಯಾರಿಸ್‌ನಲ್ಲಿ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಹಣ ಎಲ್ಲಿಗೆ ಹೋಯಿತು ಎಂಬುದಕ್ಕೆ ಅಲ್ಲಿ ಸಾಲುಸಾಲಾಗಿ ಉತ್ತರ ಇದೆ. ಅದು ಯಾವ ಬೆಟ್ಟದ ಯಾರ ಕಾಫಿಯಿಂದ ಬಂತು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಹುಡುಕುವುದು ಆಯೋಗದ ಮೊದಲ ಕೆಲಸವಾಗಬೇಕು.